ಯಾವ ಭಾಗ ಕೆಟ್ಟಿದೆ ಎಂದಷ್ಟೇ ಕೇಳಿದ್ದೆ

ಬುಧವಾರ ರಾತ್ರಿಯಿಂದ ಈ ಹೊತ್ತಿನವರೆಗೆ ಮುಂಬೈಯ ಕ್ರೂಸ್ ಹಡಗಿನ ಟರ್ಮಿನಲ್ಲಿನ ಕೌಂಟರಿನಲ್ಲಿದ್ದ ಆ ನೀಲಿ ಕೋಟಿನ ಹುಡುಗನಿಗೆ ನಾನು ಮನಸ್ಸಿನಲ್ಲೇ ಕಡಿಮೆಯೆಂದರೂ ನಲವತ್ತು ಉತ್ತರಗಳನ್ನು ಕೊಟ್ಟಿದ್ದೇನೆ. ಒಂದಕ್ಕಿಂತ ಒಂದು ಚೆನ್ನಾಗಿವೆ. ಕೊಡಬೇಕಾದ ಹೊತ್ತಿನಲ್ಲಿ ಮಾತ್ರ ಬಾಯಿಂದ ಒಂದಕ್ಷರವೂ ಹೊರಡಲಿಲ್ಲ.

ನಾವು ಹತ್ತಬೇಕಾಗಿದ್ದ ಹಡಗು ಕೆಟ್ಟಿತೆಂದು ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರವೆಂದ ಮೇಲೆ ಬೇರಿಂಗ್ ಸವೆಯುತ್ತದೆ, ಸೀಲ್ ಸೋರುತ್ತದೆ, ಪಂಪು ಕೈಕೊಡುತ್ತದೆ ಎಂದು ಕಲಬುರಗಿಯ ಡಿಪ್ಲೊಮಾ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದಲ್ಲಿ 31 ವರ್ಷ ಕರಿಹಲಗೆಯ ಮೇಲೆ ಬರೆದವನು ನಾನೇ. ಕೆಟ್ಟ ಹಡಗನ್ನು ಸಮುದ್ರಕ್ಕೆ ಬಿಡದೆ ದಂಡೆಯಲ್ಲೇ ನಿಲ್ಲಿಸಿದ್ದೂ ಸರಿಯೇ. ಆ ಕ್ಯಾಪ್ಟನ್ ಜಾಗದಲ್ಲಿ ನಾನಿದ್ದರೂ ನಿಲ್ಲಿಸುತ್ತಿದ್ದೆ. ಆದರೆ ಸಂಜೆ 4ಕ್ಕೆ ಹೊರಡಬೇಕಾದ ಹಡಗು ಹೊರಡುವುದಿಲ್ಲವೆಂದು ರಾತ್ರಿ 9.40ಕ್ಕೆ ಹೇಳುವುದು, ಅಲ್ಲಿಯವರೆಗೆ ‘ಒಂದು ಗಂಟೆ ತಡ’, ‘ಇನ್ನೊಂದು ಗಂಟೆ ತಡ’ ಎಂದು 68 ವರ್ಷದ ನನ್ನ ಅಕ್ಕನನ್ನು ಕಬ್ಬಿಣದ ಕುರ್ಚಿಯ ಮೇಲೆ ಕೂಡಿಸಿಡುವುದು ಯಾವ ಯಂತ್ರದ ದೋಷ?

ಅಕ್ಕ ಸಮುದ್ರ ನೋಡಿದವಳಲ್ಲ. ಆಳಂದದಲ್ಲಿ ಹುಟ್ಟಿ ಸೇಡಮ್ಮಿಗೆ ಸೊಸೆಯಾಗಿ ಹೋದ ಅವಳು ಕಂಡ ದೊಡ್ಡ ನೀರೆಂದರೆ ಗಾಣಗಾಪುರದ ಸಂಗಮ ಮಾತ್ರ. ಪುಣೆಯಲ್ಲಿರುವ ಮಗ ನಮ್ಮ ನಾಲ್ವರಿಗೂ ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ಮೂರು ರಾತ್ರಿಗಳ ಕ್ರೂಸ್ ಟಿಕೆಟ್ ತೆಗೆಸಿದ್ದ. ಒಟ್ಟು 1,12,000 ರೂಪಾಯಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಸುಮಾರು 570 ಕಿಲೋಮೀಟರ್ ಪ್ರಯಾಣ ಮಾಡಿ, ಚೀಲಗಳನ್ನು ಒಪ್ಪಿಸಿ, ತಪಾಸಣೆ ಮುಗಿಸಿ, ಕೊರಳಿಗೆ ಕೊಠಡಿಯ ಸಂಖ್ಯೆಯಿರುವ ಕಾರ್ಡು ಹಾಕಿಕೊಂಡು ನಾವು ಕುಳಿತಿದ್ದೆವು. ಅಕ್ಕ ಹತ್ತು ನಿಮಿಷಕ್ಕೊಮ್ಮೆ ಆ ಕಾರ್ಡನ್ನು ಸೆರಗಿನಿಂದ ಒರೆಸುತ್ತಿದ್ದಳು.

ಆರೂವರೆಯ ಹೊತ್ತಿಗೆ ನನಗೆ ಸಂಶಯ ಬಂದು, ಎದ್ದು ಕೊನೆಯ ಕಿಟಕಿಯ ಬಳಿ ಹೋಗಿ ನಿಂತೆ. ಹಡಗಿನ ಎಲ್ಲ ದೀಪಗಳೂ ಉರಿಯುತ್ತಿದ್ದವು, ಚಿಮಣಿಯಿಂದ ತೆಳ್ಳಗೆ ಹೊಗೆ ಹೊರಡುತ್ತಿತ್ತು. ಇಂದಿನ ದೊಡ್ಡ ಕ್ರೂಸ್ ಹಡಗುಗಳಲ್ಲಿ ಬಹುಮಟ್ಟಿಗೆ ಡೀಸೆಲ್ ಎಂಜಿನ್ನು ಹಡಗನ್ನು ಮುಂದೆ ನೂಕುವ ಪ್ರೊಪೆಲರನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ಜನರೇಟರನ್ನು ತಿರುಗಿಸುತ್ತದೆ, ಆ ವಿದ್ಯುತ್ತಿನಲ್ಲಿ ಒಂದು ಪಾಲು ದೀಪ, ಎಸಿ, ಅಡುಗೆಮನೆಗೆ ಹೋದರೆ ಇನ್ನೊಂದು ಪಾಲು ಪ್ರೊಪೆಲರ್ ತಿರುಗಿಸುವ ಮೋಟರಿಗೆ ಹೋಗುತ್ತದೆ. ಹಾಗಾದರೆ ಕರೆಂಟು ಹುಟ್ಟುವ ಕಡೆ ದೋಷವಿದ್ದಂತಿಲ್ಲ. ಹಿಂಬದಿಯಲ್ಲಿ ಒಂದು ಪುಟ್ಟ ದೋಣಿ ನಿಂತಿತ್ತು, ಅದರಿಂದ ಇಬ್ಬರು ಮುಳುಗುತಜ್ಞರು ನೀರಿಗಿಳಿದರು. ಅಂದ ಮೇಲೆ ಕೆಟ್ಟಿರುವುದು ನೀರಿನ ಕೆಳಗಿನ ಭಾಗ: ಪ್ರೊಪೆಲರಿನ ದಂಡದ, ಅಂದರೆ ಶಾಫ್ಟಿನ, ನೀರು ತಡೆಯುವ ಸೀಲೋ, ಚುಕ್ಕಾಣಿಯೋ, ಅಥವಾ ಕ್ರೂಸ್ ಹಡಗುಗಳ ಪೈಕಿ ಮೊದಲು 1998ರಲ್ಲಿ ಕಾರ್ನಿವಲ್ ಇಲೇಷನ್‌ಗೆ ಕೂಡಿಸಿದಂಥ, ಮೋಟರನ್ನೇ ಹೊಟ್ಟೆಯೊಳಗಿಟ್ಟುಕೊಂಡು ಪ್ರೊಪೆಲರ್ ಸಮೇತ ಸುತ್ತಲೂ ತಿರುಗುವ ಅಜಿಪಾಡೋ, ಚಿಕ್ಕದಾಗಿ ಪಾಡೋ. ಸೀಲ್ ಸಣ್ಣದಾಗಿ ಸೋರುತ್ತಿದ್ದರೆ ಒಂದು ಮಾತು. ಪಾಡಿನ ಬೇರಿಂಗ್ ಹೋಗಿದ್ದರೆ ಹಡಗನ್ನು ಡ್ರೈ ಡಾಕಿಗೆ, ಅಂದರೆ ನೀರು ಹೊರಹಾಕಿದ ದುರಸ್ತಿ ಕಟ್ಟೆಗೆ, ಏರಿಸದೆ ಸಾಮಾನ್ಯವಾಗಿ ಬೇರೆ ದಾರಿಯಿಲ್ಲ, ಮತ್ತು ಅದು ಒಂದು ಗಂಟೆಯ ಕೆಲಸವಂತೂ ಅಲ್ಲವೇ ಅಲ್ಲ. ನನಗೆ ತಿಳಿಯಬೇಕಾಗಿದ್ದದ್ದು ಇಷ್ಟೇ: ಇನ್ನೂ ಕಾಯಬೇಕೋ, ಅಕ್ಕನನ್ನು ಕರೆದುಕೊಂಡು ಲಾಡ್ಜು ಹುಡುಕಬೇಕೋ?

ಹೀಗೆ ಲೆಕ್ಕ ಹಾಕಿಕೊಂಡು, ಬಹಳ ಸಭ್ಯವಾಗಿ, ಹಿಂದಿಯಲ್ಲೇ, ಕೌಂಟರಿನಲ್ಲಿದ್ದ ಆ ಹುಡುಗನನ್ನು ಕೇಳಿದೆ: ‘ಯಾವ ಭಾಗ ಕೆಟ್ಟಿದೆಯಪ್ಪಾ, ಪಾಡೋ, ಶಾಫ್ಟ್ ಸೀಲೋ?’ ಅವನು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. ‘ಅಂಕಲ್, ಟೆಕ್ನಿಕಲ್ ಹೈ’ ಎಂದ. ಟೆಕ್ನಿಕಲ್ ಎಂಬುದು ನನಗೂ ಗೊತ್ತು, ಅದರಲ್ಲಿ ಯಾವುದು ಎಂದೆ. ಆಗ ಅವನು ತಲೆಯೆತ್ತಿದ. ನನ್ನ ಧೋತರವನ್ನು, ಹೆಗಲ ಮೇಲಿನ ಟವೆಲನ್ನು, ಕಾಲಿನ ಚಪ್ಪಲಿಯನ್ನು ಒಂದೇ ನೋಟದಲ್ಲಿ ಮೇಲಿನಿಂದ ಕೆಳಗೆ ಅಳೆದು, ಮಗುವಿಗೆ ಹೇಳುವಂತೆ ಪ್ರತಿಯೊಂದು ಪದವನ್ನೂ ಬಿಡಿಬಿಡಿಸಿ, ‘ಆಪ್ ಕೋ ಸಮಝ್ ಮೇ ನಹೀ ಆಯೇಗಾ, ಅಂಕಲ್. ಬೈಠ್ ಜಾಯಿಯೇ’ ಎಂದ. ಉರ್ದು ಕೇಳುತ್ತಲೇ ಬೆಳೆಯುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಹಿಂದೆ ಸಾಲಿನಲ್ಲಿದ್ದ, ಒಂದೇ ಬಣ್ಣದ ಅಂಗಿ ತೊಟ್ಟ ಗಂಡ ಹೆಂಡತಿ ನಕ್ಕರು. ಜೋರಾಗಿ ನಕ್ಕಿದ್ದರೆ ತಿರುಗಿ ನಾಲ್ಕು ಮಾತು ಆಡಬಹುದಿತ್ತು. ಅವರು ಮೂಗಿನಲ್ಲಿ ನಕ್ಕರು.

ಆ ಕೌಂಟರಿನಿಂದ ನಮ್ಮ ಕುರ್ಚಿಗೆ ಇಪ್ಪತ್ತು ಹೆಜ್ಜೆ ಇರಬಹುದು. ಅಷ್ಟು ಹೆಜ್ಜೆಗಳನ್ನು ನಾನು ಹೇಗೆ ಹಾಕಿದೆನೆಂದು ಈಗಲೂ ಹೇಳಲಾರೆ. ಅವನು ಹೇಳಿದ ಹಾಗೆಯೇ ಬಂದು ಕುಳಿತೆ. ಕೂಡು ಎಂದದ್ದಕ್ಕೆ ಕುಳಿತೆ! ‘ಏನಂದನೋ ತಮ್ಮಾ, ಏನ್ ಕೆಟ್ಟದಂತ?’ ಎಂದು ಅಕ್ಕ ಕೇಳಿದಳು. ‘ದೊಡ್ಡದೇನಿಲ್ಲಕ್ಕಾ, ಸಣ್ಣ ಕೆಲಸ ಅದ’ ಎಂದು ಸುಳ್ಳು ಹೇಳಿದೆ. ನಮ್ಮ ಮನೆಯವರು ಮಾತ್ರ ನನ್ನ ಮುಖ ನೋಡಿ, ಏನನ್ನೂ ಕೇಳದೆ, ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಗಿತ್ತರು. ಅದು ಇನ್ನಷ್ಟು ಕೆಟ್ಟದೆನಿಸಿತು.

ಅವನಿಗೆ ಹೇಳಬೇಕಾಗಿದ್ದ ಸಂಗತಿಗಳು ರಾತ್ರಿ 1 ಗಂಟೆಗೆ ಲಾಡ್ಜಿನ ಹಾಸಿಗೆಯಲ್ಲಿ ಒಂದೊಂದಾಗಿ ನೆನಪಿಗೆ ಬಂದವು. ಹಡಗಿನ ವೇಗಕ್ಕೆ ಬೇಕಾಗುವ ಶಕ್ತಿ ಸರಿಸುಮಾರು ಆ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ಎರಡು ಮೋಟರುಗಳಲ್ಲಿ ಒಂದು ನಿಂತರೂ ವೇಗದಲ್ಲಿ ಐದನೆಯ ಒಂದು ಭಾಗದಷ್ಟೇ ಕುಗ್ಗುತ್ತದೆಯೆಂದು ಲೆಕ್ಕ ಹೇಳುತ್ತದೆ. 2006ರ ಜನವರಿಯಲ್ಲಿ ಕ್ವೀನ್ ಮೇರಿ 2 ಹಡಗು ಫ್ಲಾರಿಡಾದ ಬಂದರಿನಿಂದ ಹೊರಡುವಾಗ ಕಾಲುವೆಯ ಗೋಡೆಗೆ ತಾಗಿ ಒಂದು ಪಾಡು ಹಾಳಾದಾಗ, ಉಳಿದವುಗಳ ಬಲದಿಂದಲೇ ರಿಯೊದತ್ತ ನಿಧಾನವಾಗಿ ಸಾಗಿತು. ನಡುವಿನ ನಿಲುಗಡೆಗಳು ತಪ್ಪಿಹೋದವು. ಇಳಿಯುವುದಿಲ್ಲ, ಹಡಗಿನಲ್ಲೇ ಧರಣಿ ಕೂಡುತ್ತೇವೆ ಎಂದು ಪ್ರಯಾಣಿಕರು ಹೆದರಿಸಿದ ಮೇಲೆ ಪೂರ್ತಿ ಹಣ ಮರಳಿಸುವುದಾಗಿ ಕಂಪನಿ ಒಪ್ಪಿಕೊಂಡಿತು. 2013ರ ಫೆಬ್ರವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದು ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮೆಕ್ಸಿಕೊ ಕೊಲ್ಲಿಯಲ್ಲಿ ಶೌಚಾಲಯವೂ ನೆಟ್ಟಗಿಲ್ಲದೆ ದಿನಗಟ್ಟಲೆ ತೇಲಿದರು. ಅದಾದ ಕೆಲವೇ ತಿಂಗಳಲ್ಲಿ ಕ್ರೂಸ್ ಕಂಪನಿಗಳ ಅಂತರರಾಷ್ಟ್ರೀಯ ಸಂಘವು ಪ್ರಯಾಣಿಕರ ಹಕ್ಕುಗಳ ಪಟ್ಟಿಯೊಂದನ್ನು ಹೊರಡಿಸಿತು. ಯಂತ್ರದೋಷದಿಂದ ಯಾನ ರದ್ದಾದರೆ ಪೂರ್ತಿ ಹಣ ಮರಳಿಸಬೇಕು, ತಡವಾಗುತ್ತಿದ್ದರೆ ದುರಸ್ತಿ ಎಲ್ಲಿಗೆ ಬಂತೆಂದು ಕಾಲಕಾಲಕ್ಕೆ ತಿಳಿಸಬೇಕು ಎಂದು ಅದರಲ್ಲಿ ಬರೆದಿದೆ. ತಿಳಿಸಬೇಕಂತೆ! ಆ ಪಟ್ಟಿ ನಮ್ಮ ಕಂಪನಿಗೆ ಅನ್ವಯಿಸದಿರಲಿ, ಮರ್ಯಾದೆಯಂತೂ ಅನ್ವಯಿಸಬೇಕಲ್ಲ.

ಇದನ್ನೆಲ್ಲ ನೆನೆಯುತ್ತ ನೆನೆಯುತ್ತ ಸಿಟ್ಟು ಇಳಿಯಿತು ಎಂದರೂ ತಪ್ಪಿಲ್ಲ. 2024ರಲ್ಲಿ ವಿಲ್ಲಾ ವೀ ಒಡಿಸ್ಸಿ ಎಂಬ ಹಡಗನ್ನು ಹತ್ತಿ ವರ್ಷಗಟ್ಟಲೆ ಜಗತ್ತು ಸುತ್ತಲು ಹೊರಟವರು ಚುಕ್ಕಾಣಿ, ಗೇರ್‌ಬಾಕ್ಸ್ ದುರಸ್ತಿಯ ಹೆಸರಿನಲ್ಲಿ ಬೆಲ್‌ಫಾಸ್ಟಿನಲ್ಲೇ ನಾಲ್ಕು ತಿಂಗಳು ಕಾದರು. ಅವರಲ್ಲಿ ಕೆಲವರು ಮನೆ ಮಾರಿ ಬಂದವರು. ಅವರ ಮುಂದೆ ನಮ್ಮ ಐದೂಮುಕ್ಕಾಲು ಗಂಟೆ ಯಾವ ಲೆಕ್ಕ ಎಂದುಕೊಂಡು ದೀಪ ಆರಿಸಿದೆ. ಆರಿಸಿದೊಡನೆ ‘ಬೈಠ್ ಜಾಯಿಯೇ’ ಎಂಬುದು ಮತ್ತೆ ಕಿವಿಯಲ್ಲಿ ಮೊಳಗಿತು.

ನಮ್ಮ ಕಡೆಯ ಕೆಂಪು ಬಸ್ಸು ಜೇವರ್ಗಿಯ ದಾರಿಯಲ್ಲಿ ಕೆಟ್ಟು ನಿಂತರೆ ಏನಾಗುತ್ತದೆ? ಡ್ರೈವರು ಕೆಳಗಿಳಿದು, ‘ಕ್ಲಚ್ ಪ್ಲೇಟ್ ಹೋಗ್ಯಾವ್ರಿ, ಇದು ಇವತ್ತ ಏಳಂಗಿಲ್ಲ’ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. ಕಂಡಕ್ಟರು ಹಿಂದಿನಿಂದ ಬರುವ ಬಸ್ಸಿಗೆ ಕೈಯೊಡ್ಡಿ, ಅದೇ ಟಿಕೆಟಿನ ಮೇಲೆ ಮುದುಕಿಯರನ್ನು ಮೊದಲು ಹತ್ತಿಸುತ್ತಾನೆ. ಹೊಲದಿಂದ ಬಂದ ಅಜ್ಜನಿಗೂ ಕ್ಲಚ್ ಪ್ಲೇಟು ಅರ್ಥವಾಗುತ್ತದೆ, ಅರ್ಥವಾಗದಿದ್ದರೂ ಬಸ್ಸು ಏಳುವುದಿಲ್ಲ ಎಂಬುದು ಅರ್ಥವಾಗುತ್ತದೆ.

ಇಲ್ಲಿ ನಮಗೆ ಸಿಕ್ಕದ್ದು ಒಂದೊಂದು ವಡಾಪಾವು, ಒಂದೊಂದು ಹಣ್ಣಿನ ರಸದ ಪೊಟ್ಟಣ, ಮತ್ತು ಮೂರನೆಯ ದಿನ ಬಂದ ಒಂದು ಇಮೇಲು. ಟಿಕೆಟಿನ ಹಣವನ್ನು ಹನ್ನೆರಡು ತಿಂಗಳೊಳಗಿನ ಮುಂದಿನ ಯಾನಕ್ಕೆ ಜಮಾ ಮಾಡಿಕೊಂಡಿದ್ದಾರಂತೆ, ನಗದಾಗಿ ಕೊಡುವುದಿಲ್ಲವಂತೆ, ವ್ಯಾಜ್ಯವೇನಿದ್ದರೂ ಮುಂಬೈಯ ನ್ಯಾಯಾಲಯಗಳಲ್ಲಿ ಮಾತ್ರವಂತೆ. ಲಾಡ್ಜಿನ 4,800 ರೂಪಾಯಿ, ಮರಳುವ ರೈಲಿನ ಥರ್ಡ್ ಎಸಿ ಟಿಕೆಟು ರದ್ದು ಮಾಡಿದ್ದಕ್ಕೆ ತಲೆಗೆ 180ರಂತೆ ಕಡಿತವಾದ ಹಣ, ಎಲ್ಲವೂ ನಮ್ಮ ತಲೆಯ ಮೇಲೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದ ಅವಧಿಯೂ ಇದೆ. ಅಂದರೆ ಅವರು ಕಲಬುರಗಿಗೆ ಬರಬೇಕು. ಮೇ ತಿಂಗಳಲ್ಲಿ ಬರಲಿ, ಕೋಟು ಹಾಕಿಕೊಂಡೇ ಬರಲಿ.

ಬರೆಯುತ್ತಿರುವಾಗಲೇ ಅನ್ನಿಸುತ್ತಿದೆ, ನಾನು ದೂರು ಕೊಡಲಾರೆ. ಈ ವಯಸ್ಸಿನಲ್ಲಿ ದಿನಾಂಕದ ಮೇಲೆ ದಿನಾಂಕ ಯಾರಿಗೆ ಬೇಕು? ಅದಲ್ಲದೆ ತಪ್ಪು ನನ್ನದೂ ಇದೆ. ಪ್ರಯಾಣ ವಿಮೆ ಮಾಡಿಸೋಣವೆಂದು ಮಗ ಹೇಳಿದಾಗ, ‘ಯಾಕೋ, ಹಡಗ ಮುಳುಗತದೇನು?’ ಎಂದು ನಕ್ಕವನು ನಾನು. ಅಪ್ಪನ ಕೆರೆಯ ವಾಕಿಂಗಿನಲ್ಲಿ ಹದಿನೈದು ದಿನ ಮುಂಚಿನಿಂದಲೇ ಎಲ್ಲರಿಗೂ ಹಡಗಿನ ಎಂಜಿನ್ನಿನ ಬಗ್ಗೆ ಉಪನ್ಯಾಸ ಕೊಟ್ಟವನೂ ನಾನೇ. ಈಗ ಅಲ್ಲಿಗೆ ಹೋಗುವುದನ್ನೇ ಬಿಟ್ಟು, ಸಕ್ಕರೆ ಕಾಯಿಲೆಯಿದ್ದರೂ, ಮನೆಯ ಮಾಳಿಗೆಯ ಮೇಲೆ ಸುತ್ತುತ್ತಿದ್ದೇನೆ. ಇನ್ನೂ ಒಂದು ಸಂಗತಿ ಇದೆ, ಹೇಳಬಾರದೆಂದಿದ್ದೆ. ನಾಲ್ಕನೆಯ ಬೆಂಚಿನಿಂದ ಎದ್ದು ಪ್ರಶ್ನೆ ಕೇಳಿದ ಎಷ್ಟೋ ಹುಡುಗರಿಗೆ, ಉತ್ತರ ಗೊತ್ತಿಲ್ಲದ ದಿನಗಳಲ್ಲಿ, ‘ನಿನಗ ತಿಳಿಯಂಗಿಲ್ಲ, ಕೂಡ್ರು’ ಎಂದು ನಾನೂ ಹೇಳಿದ್ದೇನೆ. ಆ ನೀಲಿ ಕೋಟಿನವನಿಗೂ ಗೊತ್ತಿರಲಿಲ್ಲವೋ ಏನೋ. ಗೊತ್ತಿಲ್ಲವೆಂದು ಹೇಳಬಹುದಿತ್ತಲ್ಲ?

ದೂರು ಕೊಡುತ್ತೇನೆ. ನಾಳೆಯೇ ಕಾಗದಗಳನ್ನು ಜೋಡಿಸುತ್ತೇನೆ. ಹಣಕ್ಕಿಂತ ಮೊದಲು ಒಂದು ವಾಕ್ಯದ ಉತ್ತರ ಬೇಕು: ಅಂದು ಕೆಟ್ಟಿದ್ದು ಯಾವ ಭಾಗ, ಮತ್ತು ಅದು ಕೆಟ್ಟಿದೆಯೆಂದು ನಿಮಗೆ ಎಷ್ಟು ಗಂಟೆಗೆ ತಿಳಿಯಿತು? ಮೂರು ಇಮೇಲು ಬರೆದಿದ್ದೇನೆ. ಮೂರಕ್ಕೂ ‘ನಿಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂಬ ಒಂದೇ ಉತ್ತರ ಬಂದಿದೆ. ಆ ದಿನ ಆ ಟರ್ಮಿನಲ್ಲಿನಲ್ಲಿದ್ದವರು, ಆ ಹಡಗಿನಲ್ಲಿ ದುಡಿಯುವವರು, ನೀರಿಗಿಳಿದ ಆ ಇಬ್ಬರಲ್ಲಿ ಒಬ್ಬರು, ಯಾರಾದರೂ ಇದನ್ನು ಓದಿದರೆ ದಯವಿಟ್ಟು ಹೇಳಿ. ಹೆಸರು ಹೇಳಬೇಕಾಗಿಲ್ಲ, ಭಾಗದ ಹೆಸರು ಹೇಳಿದರೆ ಸಾಕು.

ಇಂದು ಬೆಳಿಗ್ಗೆ ಅಕ್ಕ ಮತ್ತೆ ಸೇಡಮ್ಮಿನಿಂದ ಫೋನು ಮಾಡಿದ್ದಳು. ಆ ಕಾರ್ಡನ್ನು ಇನ್ನೂ ಇಟ್ಟುಕೊಂಡಿದ್ದಾಳೆ. ‘ಹಡಗ ನೆಟ್ಟಗಾತೇನೋ ತಮ್ಮಾ?’ ಎಂದು ಕೇಳಿದಳು. ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.