ಶಾಲು ಸಾಕು ಮಾರಾಯ್ರೆ, ಕೋನು ಕೊಡಿ

ಇವತ್ತು ಸಂಜೆ, ಮಳೆ ಹೊಡೆಯುತ್ತಿರುವಾಗ, ಪಡುಬಿದ್ರಿಯಿಂದ ಉಡುಪಿಗೆ ಬರುವ ಹೆದ್ದಾರಿಯಲ್ಲಿ ಎಲ್ಲೋ ಒಂದು ಕಡೆ ಡಿವೈಡರಿಗೆ ಗುದ್ದಿ ನಿಂತ ಕಾರು. ಯಾವ ಠಾಣೆ ಎಂಬುದು ಇಲ್ಲಿ ಮುಖ್ಯ ಅಲ್ಲ. ಕಾರಿನ ಹಿಂದೆ ಹತ್ತು ಹೆಜ್ಜೆ ದೂರಕ್ಕೆ ಒಂದು ಮರದ ಗೆಲ್ಲು. ಗೆಲ್ಲಿನ ಪಕ್ಕ ಕಪ್ಪು ರೈನ್‌ಕೋಟಿನ ಕಾನ್‌ಸ್ಟೇಬಲ್ ಒಬ್ಬರು, ಬರುವ ವಾಹನಗಳಿಗೆ ಬೆನ್ನು ಹಾಕಿ, ಮೊಬೈಲ್ ಹಿಡಿದ ಜನರನ್ನು ಚದುರಿಸುತ್ತಿದ್ದರು. ಮನೆಗೆ ಬಂದು ಫೇಸ್‌ಬುಕ್ ತೆರೆದರೆ ಎದುರಿಗೇ ಪೊಲೀಸ್-ಸಾರ್ವಜನಿಕ ಸಹಭಾಗಿತ್ವದ ಸಭೆಯ ಫೋಟೊ. ಶಾಲು, ಬೊಕೆ, ವೇದಿಕೆಯ ತುಂಬ ಜನ, ಕೆಳಗೆ ಖಾಲಿ ಕುರ್ಚಿ.

ಸಿಟ್ಟು ಬಾರದೆ ಇರುತ್ತದಾ ಹೇಳಿ.

ಲೆಕ್ಕ ಸಣ್ಣದು. 80 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕನ ಕಣ್ಣಿಗೆ ಬಿದ್ದು, ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರುವಾಗ ಎರಡೂವರೆ ಸೆಕೆಂಡ್, ಅಲ್ಲಿಗೇ 55 ಮೀಟರ್ ಮುಗಿಯಿತು. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ 60 ಬೇಕು. ಅದೂ ಟಯರು ಸವೆದಿರದಿದ್ದರೆ, ಮುಂದೆ ಹೋದ ಮೀನಿನ ಲಾರಿ ನೀರು ಚೆಲ್ಲಿರದಿದ್ದರೆ. ಹತ್ತು ಹೆಜ್ಜೆಯ ಗೆಲ್ಲು ಯಾರಿಗೆ ಎಚ್ಚರಿಕೆ? ಗುದ್ದಿದ ಮೇಲೆ ಗೊತ್ತಾಗುತ್ತದೆ, ಓ, ಇಲ್ಲಿ ಗೆಲ್ಲು ಇಟ್ಟಿದ್ದರಲ್ಲ ಅಂತ.

ಮೊದಲ ಅಪಘಾತ ಯಾರ ಕೈಯಲ್ಲೂ ಇರಲಿಲ್ಲ ಅನ್ನೋಣ. ಎರಡನೆಯದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿ ಉಂಟು. ಅದರಲ್ಲಿ ಸಿಕ್ಕಿಬೀಳುವವರು ಸಹಾಯಕ್ಕೆ ಬಂದವರೇ: ಪೊಲೀಸ್, 108ರ ಸಿಬ್ಬಂದಿ, ಅಗ್ನಿಶಾಮಕದವರು, ಕಾರಿನಿಂದ ಗಾಯಾಳುವನ್ನು ಎಳೆಯುವ ರಿಕ್ಷಾದವರು.

ಸರಿಯಾಗಿ ಮಾಡುವುದು ಹೀಗೆ. ಮೊದಲ ಕೋನು, ಅಂದರೆ ರಸ್ತೆಯಲ್ಲಿ ಎಚ್ಚರಿಕೆಗೆ ಇಡುವ ಶಂಕು, ಘಟನಾಸ್ಥಳದಿಂದ ಕನಿಷ್ಠ 150 ಮೀಟರ್ ಹಿಂದೆ, ರಸ್ತೆಯ ಅಂಚಿನಲ್ಲಿ. ಅಲ್ಲಿಂದ ಹತ್ತು ಹದಿನೈದು ಮೀಟರಿಗೊಂದರಂತೆ ಓರೆಯಾಗಿ ಒಳಕ್ಕೆ ತರಬೇಕು, ವಾಹನಗಳು ತಾವಾಗಿಯೇ ಪಕ್ಕದ ಲೇನಿಗೆ ಜಾರುವ ಹಾಗೆ. ತಿರುವು ಅಥವಾ ಏರು ಇದ್ದರೆ ಮೊದಲ ಕೋನು ಅದಕ್ಕಿಂತಲೂ ಹಿಂದೆ. ತಿರುವಿನ ಒಳಗೆ ಇಟ್ಟ ಕೋನು ಇಲ್ಲದ್ದಕ್ಕೆ ಸಮ. ಇಡುವವರ ಮುಖ ಯಾವಾಗಲೂ ಬರುವ ವಾಹನಗಳ ಕಡೆಗೇ ಇರಬೇಕು. ಪೊಲೀಸ್ ಜೀಪು ಅಪಘಾತದ ಕಾರಿಗಿಂತ 20-30 ಮೀಟರ್ ಹಿಂದೆ, ರಸ್ತೆಗೆ ಓರೆಯಾಗಿ, ಮುಂದಿನ ಚಕ್ರಗಳನ್ನು ಘಟನಾಸ್ಥಳದಿಂದ ಆಚೆಗೆ ತಿರುಗಿಸಿ ನಿಲ್ಲಬೇಕು. ಲಾರಿ ಬಂದು ಜೀಪಿಗೆ ಗುದ್ದಿದರೂ ಜೀಪು ಕೆಲಸ ಮಾಡುವವರ ಮೇಲೆ ಹೋಗಿ ಬೀಳಬಾರದಲ್ಲ, ಅದಕ್ಕೆ. ಆಂಬುಲೆನ್ಸ್ ನಿಲ್ಲುವುದು ಅಪಘಾತದ ಕಾರಿನಿಂದ ಮುಂದೆ, ಜೀಪಿನ ಮರೆಯಲ್ಲಿ. ಎದುರು ಬರುವವರ ಕಣ್ಣಿಗೆ ಹೊಡೆಯುವ ಹೆಡ್‌ಲೈಟ್ ಆಫ್ ಮಾಡಿ, ಬ್ಲಿಂಕರ್ ಮಾತ್ರ ಇಡಬೇಕು. ಇನ್ನು ಹೊಳೆಯುವ ಪಟ್ಟಿಯ ಜಾಕೆಟ್. ರಾತ್ರಿ ಮಳೆಯಲ್ಲಿ ಖಾಕಿ, ಕಪ್ಪು ಎರಡೂ ಕಾಣುವುದಿಲ್ಲ. ಗೃಹರಕ್ಷಕರಿಗೂ ಅದು ಬೇಕು. ಅವರ ಜೀವವೇನು ಹೊರಗುತ್ತಿಗೆಯದ್ದಾ?

ಇದರಲ್ಲಿ ಜನರ ಪಾಲು ಎಲ್ಲಿ ಅಂತ ಕೇಳುತ್ತೀರಿ. ಪೊಲೀಸರು ಬರುವ ಮುಂಚಿನ ಹತ್ತು ಹದಿನೈದು ನಿಮಿಷ ಇದೆಯಲ್ಲ, ಅದಷ್ಟೂ ಜನರದ್ದೇ. ಪ್ರತಿ ಜಂಕ್ಷನ್ನಿನ ರಿಕ್ಷಾ ಸ್ಟ್ಯಾಂಡಿನಲ್ಲಿ ಆರೇಳು ಕೋನು, ಎರಡು ಜಾಕೆಟ್, ಎರಡು ಟಾರ್ಚ್ ಇದ್ದರೆ ಇಬ್ಬರು ಹಿಂದೆ ಓಡಿ ವಾಹನ ನಿಧಾನ ಮಾಡಿಸಬಹುದು, ಒಬ್ಬರು ಫೋನ್ ಮಾಡಬಹುದು, ಇಬ್ಬರು ಮೂವರು ಗಾಯಾಳುವಿನ ಹತ್ತಿರ. ಉಳಿದವರೆಲ್ಲ ರಸ್ತೆಯಿಂದ ಕೆಳಗೆ. ಫೋನಿನಲ್ಲಿ ಮೊದಲು ಹೇಳಬೇಕಾದ್ದು ದಿಕ್ಕು. ‘ಕಟಪಾಡಿ ಹತ್ತಿರ ಆಕ್ಸಿಡೆಂಟ್’ ಅಂದರೆ ಸಾಕಾಗುವುದಿಲ್ಲ. ಮಂಗಳೂರಿಗೆ ಹೋಗುವ ಬದಿಯಾ, ಉಡುಪಿಗೆ ಹೋಗುವ ಬದಿಯಾ? ನಡುವೆ ಡಿವೈಡರ್ ಉಂಟು. ತಪ್ಪು ಬದಿಗೆ ಬಂದ ಆಂಬುಲೆನ್ಸ್ ಮುಂದಿನ ಯು-ಟರ್ನ್ ಹುಡುಕಬೇಕು. ಆಮೇಲೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಎಷ್ಟು ಜನಕ್ಕೆ ಪೆಟ್ಟು, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ, ಪೆಟ್ರೋಲ್ ಸೋರುತ್ತಾ ಉಂಟಾ. 112ಕ್ಕೆ ಒಂದು ಕರೆ ಸಾಕು, ಹೆದ್ದಾರಿಯ ಗಸ್ತು ವಾಹನಕ್ಕೂ ಕ್ರೇನಿಗೂ 1033.

ನಾವು ಮಾಡುವುದೇನು? ಆಂಬುಲೆನ್ಸಿನ ಹಿಂಬಾಗಿಲಿಗೆ ಒತ್ತಿ ಸ್ಕೂಟರ್ ನಿಲ್ಲಿಸುತ್ತೇವೆ. ಸ್ಟ್ರೆಚರ್ ಹೊರಗೆಳೆಯಲು ಹಿಂದೆ 3 ಮೀಟರಾದರೂ ಜಾಗ ಬೇಕು ಎಂಬುದು ವಿಡಿಯೊ ಮಾಡುವವನಿಗೆ ಬೇಡದ ವಿಷಯ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಗೊತ್ತಿದ್ದೂ ಅಡ್ಡ ನಿಲ್ಲುವವರಿಗೆ ನಾನೇನು ಹೇಳಲಿ.

ಕಾರಿನ ಬದಲು ಗ್ಯಾಸ್ ಟ್ಯಾಂಕರ್ ಆಗಿದ್ದರೆ? ನಮ್ಮ ಊರಿನಲ್ಲಿ ಇದು ಸುಮ್ಮನೆ ಕಲ್ಪನೆ ಅಲ್ಲ. ಬೈಕಂಪಾಡಿ, ಸುರತ್ಕಲ್ ಕಡೆಯಿಂದ ಹೊರಟ ಟ್ಯಾಂಕರುಗಳು ನಮ್ಮ ಮನೆ ಬಾಗಿಲಲ್ಲೇ ಹೋಗುವುದು. ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ 2013ರ ಏಪ್ರಿಲಿನಲ್ಲಿ ಟ್ಯಾಂಕರ್ ಉರುಳಿ ಬೆಂಕಿ ಹತ್ತಿ ಜನ ಸತ್ತದ್ದು, ಮನೆಗಳು ಸುಟ್ಟದ್ದು ಇಷ್ಟು ಬೇಗ ಮರೆತುಹೋಯಿತಾ? ಎಲ್‌ಪಿಜಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ಚರಂಡಿ, ತೋಡು, ತಗ್ಗಿನ ತೋಟ ಹಿಡಿದು ಹರಿಯುತ್ತದೆ. ದ್ರವ ಅನಿಲವಾದಾಗ ಸುಮಾರು 250 ಪಟ್ಟು ಹಿಗ್ಗುತ್ತದೆ, ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೆ ಸಾಕು, ಕಿಡಿಗೆ ಕಾಯುತ್ತದೆ. ಬಿಳಿ ಮಂಜಿನ ಹಾಗೆ ಕಾಣುವುದು ತಣ್ಣಗಾದ ಗಾಳಿಯ ತೇವ. ಅನಿಲ ಆ ಮಂಜಿನಿಂದ ಆಚೆಗೂ ಇರುತ್ತದೆ.

ಇಲ್ಲಿ ಪೊಲೀಸರೇ ಮೊದಲು ಸಾಯುವ ಸಾಧ್ಯತೆ ಉಂಟು. ಸೈರನ್ ಹಾಕಿ ನೇರ ಹತ್ತಿರ ಹೋಗಿ ನಿಂತ ಜೀಪಿನ ಎಂಜಿನ್ನೇ ಕಿಡಿ. ವಾಕಿಟಾಕಿ, ಮೊಬೈಲ್ ಕೂಡ ಅಪಾಯವೇ. ಮಂಜಿನೊಳಗೆ ಯಾರೂ ಕಾಲಿಡಬಾರದು. ತೆಂಗಿನ ಗರಿ ಯಾವ ಕಡೆಗೆ ಬಾಗುತ್ತದೆ ನೋಡಿ, ಗಾಳಿ ಬರುವ ದಿಕ್ಕಿನಲ್ಲಿ, ಎತ್ತರದಲ್ಲಿ ನಿಲ್ಲಬೇಕು. ಗಾಳಿ ಹೋಗುವ ಕಡೆಯಲ್ಲಿ ಸಿಕ್ಕಿಕೊಂಡವರು ಮೊದಲು ಗಾಳಿಗೆ ಅಡ್ಡಕ್ಕೆ ಸರಿದು ಆಮೇಲೆ ಗಾಳಿ ಬರುವ ಕಡೆಗೆ ಹೋಗಬೇಕು. ದೊಡ್ಡ ಸೋರಿಕೆಗೆ ಗಾಳಿ ಹೋಗುವ ಕಡೆ 800 ಮೀಟರ್ ಖಾಲಿ. ಟ್ಯಾಂಕರಿಗೇ ಬೆಂಕಿ ಹತ್ತಿದ್ದರೆ ಸುತ್ತ 1,600 ಮೀಟರ್. ಅಷ್ಟು ಮನೆಗಳಿಗೆ ಹೋಗಿ ಬಚ್ಚಲೊಲೆ ನಂದಿಸಿ, ಸ್ವಿಚ್ ಮುಟ್ಟಬೇಡಿ, ಬೈಕ್ ಸ್ಟಾರ್ಟ್ ಮಾಡಬೇಡಿ, ನಡೆದುಕೊಂಡೇ ಬನ್ನಿ ಅನ್ನಲು ಠಾಣೆಯಲ್ಲಿ ಎಷ್ಟು ಜನ ಇದ್ದಾರೆ? ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ ಎಂಬುದು ಊರಿನವರಿಗೆ ಗೊತ್ತು, ಇನ್ಸ್‌ಪೆಕ್ಟರಿಗೆ ಗೊತ್ತಿರುವುದಿಲ್ಲ. ಸಹಭಾಗಿತ್ವ ಅಂದರೆ ಆ ಪಟ್ಟಿ. ಬೊಕೆ ಅಲ್ಲ!

ಕಂಬಕ್ಕೆ ಗುದ್ದಿ ತಂತಿ ಬಿದ್ದಿದ್ದರೆ ಹತ್ತು ಮೀಟರ್ ಆಚೆ ನಿಂತು 1912ಕ್ಕೆ ಕರೆ ಮಾಡಿ. ಕರೆಂಟಿನ ಕಂಪನಿ ಮೆಸ್ಕಾಂನವರು ಲೈನ್ ಆಫ್ ಆಗಿದೆ ಅನ್ನುವವರೆಗೆ ಯಾರೂ ಮುಟ್ಟಬೇಡಿ, ಫೈರಿನವರೂ ಮುಟ್ಟುವುದಿಲ್ಲ.

ಈಗ ಕೆಲವರು ಬರುತ್ತಾರೆ: ‘ನಮ್ಮ ಜನ ಸಹಾಯಕ್ಕೆ ಹಿಂದೆ ಬಿದ್ದವರಲ್ಲ, ಕೆಂಜಾರು ನೆನಪಿಲ್ಲವಾ?’ ಚೆನ್ನಾಗಿ ನೆನಪಿದೆ. 2010ರ ಮೇ 22ರಂದು ಮಂಗಳೂರು ವಿಮಾನ ನಿಲ್ದಾಣದ ಪಕ್ಕದ ಆ ಕೆಂಜಾರಿನಲ್ಲಿ ವಿಮಾನ ಬಿದ್ದಾಗ 158 ಜನ ಹೋದರು, ಎಂಟು ಜನ ಉಳಿದರು, ಮೊದಲು ಓಡಿದವರಲ್ಲಿ ಊರಿನವರಿದ್ದರು. ಆ ಮನಸ್ಸು ಇರುವುದಕ್ಕೇ ನಾನು ಕೋನಿನ ಮಾತು ಎತ್ತುವುದು. ಓಡಿಬರುವವರ ಕೈಗೆ ಸಾಮಾನು ಕೊಡದೆ, ಕ್ರಮ ಹೇಳಿಕೊಡದೆ, ಆಮೇಲೆ ಸನ್ಮಾನ ಮಾಡುವುದು ಎಂತ ನ್ಯಾಯ? ಕೇಸು ಗೀಸು ಅಂತ ಹೆದರುವವರಿಗೂ ಒಂದು ಮಾತು. ಕರ್ನಾಟಕದಲ್ಲಿ ಜೀವರಕ್ಷಕರ ರಕ್ಷಣೆಗೆ ಕಾನೂನೇ ಇದೆ, ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಕೂಡ ಉಂಟು. ಗಾಯಾಳುವಿಗೆ ನೆರವಾದವರು ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಇದನ್ನು ಠಾಣೆಯ ಬೋರ್ಡಿಗಿಂತ ಮೊದಲು ರಿಕ್ಷಾ ಸ್ಟ್ಯಾಂಡಿನ ಬೋರ್ಡಿನಲ್ಲಿ ಬರೆಯಬೇಕು.

ಹೊಸ ಯೋಜನೆ ಏನೂ ಬೇಡ. ಊರನ್ನು ಭಾಗ ಮಾಡಿ ಹಂಚಿಕೊಳ್ಳುವ ಪೊಲೀಸರ ಬೀಟ್ ವ್ಯವಸ್ಥೆ ಇದ್ದೇ ಇದೆ, ಪ್ರತಿ ಬೀಟಿಗೂ ಒಬ್ಬ ಕಾನ್‌ಸ್ಟೇಬಲ್, ಊರಿನ ಸದಸ್ಯರು, ವಾಟ್ಸ್ಯಾಪ್ ಗುಂಪು. ಆ ಗುಂಪಿನಲ್ಲಿ ಬರುವುದು ಗುಡ್ ಮಾರ್ನಿಂಗ್ ಮತ್ತು ಹಬ್ಬದ ಶುಭಾಶಯ ಎನ್ನುವುದೇ ನನ್ನ ತಕರಾರು. ಬೀಟಿಗೆ ಬಂದಾಗ ಕಾನ್‌ಸ್ಟೇಬಲ್ ರಿಕ್ಷಾ ಸ್ಟ್ಯಾಂಡಿನ ಪೆಟ್ಟಿಗೆ ತೆರೆದು ಕೋನು ಎಣಿಸಲಿ, ಟಾರ್ಚ್ ಒತ್ತಿ ನೋಡಲಿ, ಜಾಕೆಟಿನ ಪಟ್ಟಿ ಮಾಸಿದ್ದರೆ ಬರೆದುಕೊಳ್ಳಲಿ. ಮಳೆಗಾಲಕ್ಕೆ ಮೊದಲು ಒಮ್ಮೆ ಸ್ಟ್ಯಾಂಡಿನವರನ್ನೂ 108ರವರನ್ನೂ ಅಗ್ನಿಶಾಮಕದವರನ್ನೂ ಖಾಲಿ ಸರ್ವಿಸ್ ರೋಡಿನಲ್ಲಿ ನಿಲ್ಲಿಸಿ ಕೋನು ಇಡಿಸಲಿ. ಪೆಟ್ಟಿಗೆಯ ಕೀಲಿಕೈ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿರಲಿ, ಅಧ್ಯಕ್ಷರ ಮನೆಯಲ್ಲಿ ಬೇಡ. ಅಧ್ಯಕ್ಷರು ಆ ಹೊತ್ತಿಗೆ ಯಾವುದೋ ಸಭೆಯಲ್ಲಿ ಶಾಲು ಹೊದೆಸಿಕೊಳ್ಳುತ್ತಾ ಇರುತ್ತಾರೆ.