ಚಂದ್ರ ಒಬ್ಬನೇ, ಭರತಿ ಮಾತ್ರ ಎರಡು

ಮೊನ್ನೆ ಕಾರವಾರದಲ್ಲಿ ನಡೆದ ವಿಜ್ಞಾನ ಕಾರ್ಯಕ್ರಮವೊಂದರಲ್ಲಿ ಪ್ರೌಢಶಾಲೆಯ ಹುಡುಗಿಯೊಬ್ಬಳು ಎದ್ದು ನಿಂತು, ಚಂದ್ರ ದಿನಕ್ಕೆ ಒಮ್ಮೆ ಮಾತ್ರ ನೆತ್ತಿಯ ಮೇಲೆ ಬರುವಾಗ ಕಡಲಿನ ಭರತಿ, ಅಂದರೆ ಉಬ್ಬರ, ಎರಡು ಸಲ ಏಕೆ ಬರುತ್ತದೆ ಎಂದು ಕೇಳಿದಳು. ಕಪ್ಪುರಂಧ್ರದ ಕುರಿತು ತಾಸುಗಟ್ಟಲೆ ಮಾತನಾಡಿದ್ದ ಅತಿಥಿ ಮಹಾಶಯರು, “ಅದೆಲ್ಲ ಗುರುತ್ವಾಕರ್ಷಣೆ ತಂಗೀ, ಮುಂದೆ ಕಾಲೇಜಿನಲ್ಲಿ ಕಲಿಯುತ್ತೀ” ಎಂದು ನಕ್ಕರು. ಸಭೆಯೂ ನಕ್ಕಿತು. ನಿವೃತ್ತ ಗಣಿತ ಮಾಸ್ತರನಾದ ನನ್ನ ಸಿಟ್ಟಿನ ಪರಿಚಯ ನಿಮಗೆಲ್ಲ ಇರುವುದರಿಂದ, ಆ ಸಂಜೆ ನಮ್ಮ ಮನೆಯಲ್ಲಿ ಏನಾಯಿತೆಂದು ವಿವರಿಸಬೇಕಾಗಿಲ್ಲ.

ಗುರುತ್ವಾಕರ್ಷಣೆ ಎಂದು ಹೇಳಿದ ಮೇಲೆಯೇ ಆ ಪ್ರಶ್ನೆ ಹುಟ್ಟುವುದು. ಚಂದ್ರ ಸೆಳೆಯುವುದಾದರೆ ಅವನತ್ತ ಮುಖಮಾಡಿದ ಕಡಲು ಉಬ್ಬಬೇಕು, ಸರಿ. ಭೂಮಿಯ ಆಚೆ ಬದಿಯ ಕಡಲು ಅದೇ ಹೊತ್ತಿಗೆ ಅವನಿಂದ ದೂರಕ್ಕೆ ಉಬ್ಬುವುದೇಕೆ? ಚಂದ್ರ ಹತ್ತಿರದ ನೀರನ್ನು ಭೂಮಿಯ ನಡುಭಾಗಕ್ಕಿಂತ ಹೆಚ್ಚು ಸೆಳೆಯುತ್ತಾನೆ, ಆ ನಡುಭಾಗವನ್ನು ಆಚೆ ಬದಿಯ ನೀರಿಗಿಂತ ಹೆಚ್ಚು ಸೆಳೆಯುತ್ತಾನೆ. ಹೀಗಾಗಿ ಆಚೆಯ ನೀರು ಹಿಂದೆ ಉಳಿಯುತ್ತದೆ. ಲೆಕ್ಕ ಹಾಕಬೇಕಾದದ್ದು ಈ ವ್ಯತ್ಯಾಸವನ್ನು. ಸೂರ್ಯ ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಪಟ್ಟು ಬಲವಾಗಿ ಸೆಳೆದರೂ ಭರತಿಯಲ್ಲಿ ಅವನ ಪಾಲು ಚಂದ್ರನದರ ಅರ್ಧಕ್ಕಿಂತ ಕಡಿಮೆ, ಏಕೆಂದರೆ ಸೆಳೆತವು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗಿದರೆ ಈ ವ್ಯತ್ಯಾಸವು ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ವರ್ಗ, ಘನಗಳನ್ನು ಕಲಿತ ಮಗುವಿಗೆ ಇಷ್ಟನ್ನು ಹೇಳುವುದಕ್ಕೆ ಕಾಲೇಜು ಬೇಕೇ?

ನಕ್ಕವರ ಗಮನಕ್ಕೆ: ಗೆಲಿಲಿಯೊನಂಥವನೇ ಇಲ್ಲಿ ಎಡವಿದ್ದ. ಭೂಮಿಯ ಚಲನೆಯಿಂದಲೇ ಕಡಲು ತುಳುಕುತ್ತದೆಂದು 1632ರಲ್ಲಿ ವಾದಿಸಿದ ಅವನು, ಚಂದ್ರನ ಪ್ರಭಾವವನ್ನು ನಂಬಿದ ಖಗೋಳಜ್ಞ ಕೆಪ್ಲರನನ್ನು ಆಕ್ಷೇಪಿಸಿದ. ಅವನ ವಾದದಂತೆ ದಿನಕ್ಕೊಂದೇ ಭರತಿ ಬರಬೇಕಿತ್ತು. 1687ರಲ್ಲಿ ನ್ಯೂಟನ್ ಈ ಗಂಟನ್ನು ಬಿಡಿಸಿದ. ನಮ್ಮ ಕಾರವಾರದ ಬೈತಖೋಲಿನ ಮೀನುಗಾರರಂತೂ ದಿನಕ್ಕೆ ಎರಡು ಭರತಿ ಎಂಬುದನ್ನು ಯಾವ ಅತಿಥಿಯ ಭಾಷಣವೂ ಇಲ್ಲದೆ ಬಲ್ಲರು.

ಸಮಯದ ಅಭಾವವಿತ್ತು ಎಂದು ಸಂಘಟಕ ಗೆಳೆಯರು ಸಮಜಾಯಿಷಿ ನೀಡಿದ್ದಾರೆ. ಇದ್ದಿರಬಹುದು, ಶಾಲು, ಹಾರ, ಫಲತಾಂಬೂಲ ಮತ್ತು ಸುದೀರ್ಘ ವಂದನಾರ್ಪಣೆಗೆ ಮಾತ್ರ ಆ ಅಭಾವ ತಟ್ಟಲಿಲ್ಲ. ಕಪ್ಪುರಂಧ್ರ, ಮಹಾಸ್ಫೋಟ ಎಂದೊಡನೆ ಸಭೆ ಬಾಯಿಬಿಟ್ಟು ಕೇಳುವುದನ್ನು ಕಂಡರೆ ಭಿನ್ನರಾಶಿ ಕಲಿಸಿ ಸವೆದ ನನಗೆ ಹೊಟ್ಟೆಕಿಚ್ಚಾಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಕಪ್ಪುರಂಧ್ರದ ತೀರ ಸಮೀಪಕ್ಕೆ ಬಂದ ನಕ್ಷತ್ರವನ್ನು ಉದ್ದಕ್ಕೆ ಎಳೆದು ಛಿದ್ರಗೊಳಿಸುವುದನ್ನು ಅವರೇ ಅಷ್ಟು ರಸವತ್ತಾಗಿ ವರ್ಣಿಸಿದ್ದರಲ್ಲ, ಅದು ಕೂಡ ಹತ್ತಿರದ ಬದಿಗೂ ದೂರದ ಬದಿಗೂ ಇರುವ ಸೆಳೆತದ ವ್ಯತ್ಯಾಸವೇ; ಕಾಳಿ ನದಿಯ ಅಳಿವೆಗೆ ದಿನಕ್ಕೆರಡು ಸಲ ನೀರೇರಿಸುವ ಅದೇ ಬಲವನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಆ ಹುಡುಗಿಯನ್ನು ಕೂರಿಸಿಬಿಟ್ಟರು.