ಹತ್ತು ನಿಮಿಷದ ಸಿಗಡಿ

ಅಡುಗೆ ವಿಡಿಯೋ ಮಾಡುವವರ ಮನೆಯಲ್ಲಿ ಸಿಗಡಿ ಹುಟ್ಟುವಾಗಲೇ ಸಿಪ್ಪೆಯಿಲ್ಲದೆ ಹುಟ್ಟುತ್ತದೆಂದು ಕಾಣುತ್ತದೆ. ತಲೆಯಿಲ್ಲ, ಮೀಸೆಯಿಲ್ಲ, ಕಾಲಿಲ್ಲ, ಬೆನ್ನೊಳಗಿನ ಕಪ್ಪು ದಾರವಿಲ್ಲ. ಮಿಂದು ಮಡಿಯುಟ್ಟು ಗಾಜಿನ ಬಟ್ಟಲಿನಲ್ಲಿ ಕುಳಿತಿರುತ್ತದೆ. ಪಕ್ಕದ ಬಟ್ಟಲಿನಲ್ಲಿ ಬೆಳ್ಳುಳ್ಳಿ ತನ್ನನ್ನು ತಾನೇ ಸುಲಿದುಕೊಂಡು, ಹೆಚ್ಚಿಕೊಂಡು ಕಾಯುತ್ತಿರುತ್ತದೆ. ಬಳೆ ತೊಟ್ಟ ಎರಡು ಕೈಗಳು ಬಂದು ಬೆಣ್ಣೆ ಕರಗಿಸಿ, ಇವೆರಡನ್ನೂ ಸುರಿದು, ನಾಲ್ಕು ಸಲ ಮಗುಚಿ, ಮೇಲೆ ಕೊತ್ತಂಬರಿ ಉದುರಿಸಿ, "ನೋಡಿದಿರಲ್ಲ, ಹತ್ತೇ ನಿಮಿಷದಲ್ಲಿ ರಾತ್ರಿಯೂಟ ಸಿದ್ಧ" ಎನ್ನುತ್ತವೆ. ಆ ಕೈಗಳ ಒಡತಿ ಎಂದಾದರೂ ಶಿವಮೊಗ್ಗಕ್ಕೆ ಬಂದರೆ ನಮ್ಮ ಹಿತ್ತಲಿನ ನಲ್ಲಿಯ ಹತ್ತಿರ ಮಣೆ ಹಾಕಿ ಕೂರಿಸಬೇಕೆಂದಿದ್ದೇನೆ. ಎರಡು ಕಿಲೋ ಸಾಕು. ಹೆಚ್ಚು ತೊಂದರೆ ಕೊಡುವುದಿಲ್ಲ.

ಕಳೆದ ಭಾನುವಾರ ಆ ವಿಡಿಯೋವನ್ನು ನನ್ನ ಮೊಬೈಲಿಗೆ ಕಳಿಸಿದವರು ನಮ್ಮ ಮನೆಯವರು. ಸಂಜೆಗೆ ಒಂದು ಕಿಲೋ ಸಿಗಡಿಯನ್ನೂ ತಂದರು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಘಟ್ಟದ ಮೇಲಿನವರು ಮಂಜುಗಡ್ಡೆಯ ಹಳೇ ಮೀನನ್ನೋ ಕೆರೆಯ ಕಾಟ್ಲಾವನ್ನೋ ತಿಂದು ದಿನ ದೂಡುತ್ತೇವೆ. ಆಗಸ್ಟಿನಲ್ಲಿ ಮಲ್ಪೆ, ಗಂಗೊಳ್ಳಿಯ ದೋಣಿಗಳು ಹೊರಟವೆಂದು ಪತ್ರಿಕೆಯಲ್ಲಿ ಬಂದರೆ ಸಾಕು, ನಮ್ಮ ಊರಿನ ಗಂಡಸರಿಗೆ ಚೀಲ ಹಿಡಿದು ಹೊರಡುವ ಆವೇಶ ಬರುತ್ತದೆ. ಆವೇಶವೆಲ್ಲ ತರುವವರೆಗೆ ಮಾತ್ರ.

"ಬಿಡಿಸಿಕೊಂಡು ಬರಬೇಕಿತ್ತಲ್ಲ" ಎಂದೆ.

"ಅಂಜಲ್ ಆದರೆ ಕತ್ತರಿಸಿ ಕೊಡುತ್ತಾನಂತೆ, ಸಿಗಡಿ ಬಿಡಿಸಿ ಕೊಡುವುದಿಲ್ಲವಂತೆ. ಅಂಗಡಿಯಲ್ಲಿ ತುಂಬಾ ರಶ್ ಇತ್ತು" ಎಂದರು. ಭಾನುವಾರ ಮೀನಿನಂಗಡಿಯಲ್ಲಿ ರಶ್ ಇರುತ್ತದೆನ್ನುವುದು ಅವರಿಗೆ ಅಂದೇ ಗೊತ್ತಾದ ವಿಷಯ. ಚೀಲವನ್ನು ಸಿಂಕಿನಲ್ಲಿಟ್ಟು, ಯಾರಿಗೋ ಫೋನ್ ಮಾಡುವುದಿದೆಯೆಂದು ಹೊರಗೆ ಹೋದವರು ಈ ಕಥೆಯಲ್ಲಿ ಮತ್ತೆ ಬರುವುದು ಊಟದ ಹೊತ್ತಿಗೆ.

ಅವರು ಹೋದರೇನು, ಮಾವ ಇದ್ದರು. ನಮ್ಮ ಮಾವ ತೀರ್ಥಹಳ್ಳಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದವರು. ಖಾಸಗಿ ಬಸ್ಸಿನಲ್ಲಿ ಓಡಾಡಿ ಬೆಳೆದವರಿಗೆ ಆ ಕೆಲಸದ ಗತ್ತು ಗೊತ್ತು. ಒಂದು ಬಸ್ಸಿಗೂ ಅದರ ಹಿಂದಿನ ಬಸ್ಸಿಗೂ ನಡುವೆ ಕೆಲವೇ ನಿಮಿಷಗಳ ಅಂತರ. ಮುಂದಿನವನು ತನ್ನ ಸಮಯ ಮೀರಿ ಎರಡು ನಿಮಿಷ ನಿಂತರೆ ಹಿಂದಿನವನ ಪ್ರಯಾಣಿಕರನ್ನೂ ಬಳಿದುಕೊಂಡು ಹೋಗುತ್ತಾನೆ. ಆ ಎರಡು ನಿಮಿಷಕ್ಕಾಗಿ ಕಂಡಕ್ಟರುಗಳು ಕಾಲರ್ ಹಿಡಿದುಕೊಂಡದ್ದುಂಟು. ಅವರ ನಡುವೆ ಪುಸ್ತಕ, ಪೆನ್ನು, ಸೀಟಿ ಹಿಡಿದು ನಿಂತು, "ಹೊರಡು ಹೊರಡು, ನಿನ್ನ ಟೈಮ್ ಮುಗಿಯಿತು" ಎಂದು ಬಸ್ಸಿನ ಬೆನ್ನಿಗೆ ಬಡಿಯುವುದೇ ಮಾವನ ಕೆಲಸವಾಗಿತ್ತು. ಅವರು ಹೊರಡಿಸುತ್ತಿದ್ದ ಎಷ್ಟೋ ಬಸ್ಸುಗಳು ಈಗಿಲ್ಲ. ಕಾರ್ಮಿಕರೇ ಮಾಲೀಕರಾಗಿದ್ದ ಕೊಪ್ಪದ ಸಹಕಾರ ಸಾರಿಗೆ ಕೂಡ 2020ರಲ್ಲಿ ನಿಂತುಹೋಯಿತು. ವಿನೋಬನಗರದ ನಮ್ಮ ಮನೆಗೆ ಬಂದ ಮೇಲೆ ಮಾವನ ವ್ಯಾಪ್ತಿಯಲ್ಲಿ ಉಳಿದ ವಾಹನಗಳೆಂದರೆ ಹಾಲಿನವನು, ಪೇಪರ್ ಹುಡುಗ, ಕಸದ ಗಾಡಿ ಮತ್ತು ನಾನು.

ಆ ವಿಡಿಯೋವನ್ನು ಅವರೂ ನೋಡಿದ್ದರು. ಹತ್ತು ನಿಮಿಷ ಎನ್ನುವುದು ಉಳಿದವರಿಗೆಲ್ಲ ಮಾತಿನ ಅಲಂಕಾರ. ಮಾವನಿಗೆ ಅದು ಪರ್ಮಿಟ್ಟಿನಲ್ಲಿ ಬರೆದ ಸಮಯ. ಏಳು ಗಂಟೆಗೆ ನಾನು ಚೀಲ ಬಿಚ್ಚಿದೆ. ಏಳೂ ಹತ್ತಕ್ಕೆ ಮಾವ ಕೈ ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕುಳಿತರು.

ಸಿಗಡಿ ಬಿಡಿಸಿದವರಿಗೆ ನಾನು ಹೊಸದಾಗಿ ಹೇಳಬೇಕಾದ್ದೇನಿಲ್ಲ. ತಲೆ ಮುರಿಯಬೇಕು, ತಲೆಯ ತುದಿಯಲ್ಲಿ ಹಲ್ಲುಹಲ್ಲಾದ ಮುಳ್ಳೊಂದಿದೆ, ಅದು ಮೊದಲು ನಿಮ್ಮ ಬೆರಳನ್ನು ವಿಚಾರಿಸಿಕೊಳ್ಳುತ್ತದೆ. ಒಂದೊಂದಕ್ಕೂ ನಡೆಯಲು ಹತ್ತು ಕಾಲು, ಈಜಲು ಬೇರೆ ಹತ್ತು ಕಾಲು. ಇಷ್ಟೆಲ್ಲ ಇದ್ದೂ ಬಲೆಯಿಂದ ತಪ್ಪಿಸಿಕೊಳ್ಳಲಾಗದ ಪ್ರಾಣಿಯ ಮೇಲೆ ಕನಿಕರಕ್ಕಿಂತ ಹೆಚ್ಚು ಸಿಟ್ಟೇ ಬರುತ್ತದೆ. ಸಿಪ್ಪೆ ಕಳಚಿದ ಮೇಲೆ ಬೆನ್ನು ಸೀಳಿ ಆ ಕಪ್ಪು ದಾರವನ್ನು ಎಳೆಯಬೇಕು. ಅರ್ಧಕ್ಕೆ ತುಂಡಾದರೆ ಉಳಿದರ್ಧವನ್ನು ಉಗುರಿನಿಂದ ಕೆದಕಬೇಕು.

"ಅಮ್ಮ, ಅದು ನರವಲ್ಲ, ಕರುಳು" ಎಂದಳು ಮಗಳು. ಪ್ರೌಢಶಾಲೆಯ ಮಕ್ಕಳಿಗೆ ಇಂಥ ವಿಷಯ ಸರಿಯಾದ ಹೊತ್ತಿನಲ್ಲಿ ನೆನಪಾಗುತ್ತದೆ.

"ಏಳು ಇಪ್ಪತ್ತು" ಎಂದು ಊಟದ ಮೇಜಿನಿಂದ ದನಿ ಬಂತು. "ಗಾಡಿ ಇನ್ನೂ ಸ್ಟ್ಯಾಂಡಿಗೇ ಬಂದಿಲ್ಲವೇ?"

"ಬಿಡಿಸುತ್ತಿದ್ದೇನೆ ಮಾವ."

"ಎಷ್ಟು ಸೀಟು ತುಂಬಿತು?"

ಬಿಡಿಸಿದವು ಬಟ್ಟಲಿನ ತಳವನ್ನೂ ಮುಚ್ಚಿರಲಿಲ್ಲ. ನಾನು ಉತ್ತರ ಕೊಡಲಿಲ್ಲ. ಟೈಮ್ ಕೀಪರಿಗೆ ಉತ್ತರ ಕೊಡದ ಡ್ರೈವರುಗಳನ್ನು ಅವರು ಬಹಳ ನೋಡಿದ್ದಾರೆ. "ಎಂಟು ಗಂಟೆಗೆ ನನ್ನ ಬಿಪಿ ಮಾತ್ರೆಯಿದೆ. ಊಟ ಆದ ಮೇಲೆ ಹೊರಡಬೇಕಾದ ಗಾಡಿ ಅದು. ನೀನು ಅದರ ಟೈಮನ್ನು ತಿನ್ನುತ್ತಿದ್ದೀಯ, ಮಾರಾಯ್ತಿ" ಎಂದರು.

ಎರಡೂ ಕೈ ಸಿಗಡಿಯಲ್ಲಿ ಮುಳುಗಿರುವಾಗ ಕೆನ್ನೆಯ ಮೇಲೆ ಸೊಳ್ಳೆ ಕುಳಿತರೆ ಹೇಗಿರುತ್ತದೆ? ಆ ಸೊಳ್ಳೆ ಗಡಿಯಾರ ಕಟ್ಟಿಕೊಂಡಿತ್ತು, ಅಷ್ಟೇ ವ್ಯತ್ಯಾಸ. "ಮಾವ, ನೀವೂ ನಾಲ್ಕು ಬಿಡಿಸಿದರೆ ಗಾಡಿ ಬೇಗ ಹೊರಡುತ್ತದೆ" ಎಂದೆ, ಹಲ್ಲು ಕಚ್ಚಿಕೊಂಡು.

"ಟೈಮ್ ಕೀಪರ್ ಸ್ಟೀರಿಂಗ್ ಮುಟ್ಟುವಂತಿಲ್ಲಮ್ಮ" ಎಂದರು.

ಆಗ ಕರೆಂಟು ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಮಳೆ ಬಂದರೂ ಹೋಗುತ್ತದೆ, ಮಳೆ ಬರಬಹುದೆಂಬ ಅನುಮಾನ ಬಂದರೂ ಹೋಗುತ್ತದೆ. ಕತ್ತಲೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅನಂತರ ಮಾವ ಬಹಳ ಗಂಭೀರವಾಗಿ ಕೇಳಿದರು: "ಬ್ರೇಕ್ ಡೌನ್ ಎಂದು ಬರೆದುಕೊಳ್ಳಲೇ?"

ಮಗಳು ಮೊಬೈಲಿನ ಟಾರ್ಚ್ ಹಿಡಿದಳು. ಹಿಡಿದದ್ದು ಸಿಗಡಿಯ ಮೇಲಲ್ಲ, ಬಹುಪಾಲು ನನ್ನ ಕಣ್ಣಿಗೆ. ಕತ್ತಲೆಯಲ್ಲಿ ಕೈಗಡಿಯಾರ ಕಾಣದೆ ಹೋದದ್ದರಿಂದಲೋ ಏನೋ, ಮಾವ ಸಮಯ ಹೇಳುವುದನ್ನು ಬಿಟ್ಟು ಅತ್ತೆಯ ಮಾತು ತೆಗೆದರು. ಅತ್ತೆ ನಿಜವಾಗಿಯೂ ಹತ್ತು ನಿಮಿಷದಲ್ಲಿ ಸಿಗಡಿ ಮಾಡುತ್ತಿದ್ದರು. ಒಣ ಸಿಗಡಿ. ಮಳೆ ಹಿಡಿಯುವ ಮೊದಲೇ ಸಂತೆಯಿಂದ ತಂದು ಡಬ್ಬಿಯಲ್ಲಿ ತುಂಬಿಟ್ಟಿರುತ್ತಿದ್ದರು. ತಲೆ, ಬಾಲ ಮುರಿದು ಕಾವಲಿಯ ಮೇಲೆ ಘಮ್ಮೆನ್ನುವಂತೆ ಹುರಿದು, ಕಾಯಿತುರಿ, ಸುಟ್ಟ ಒಣಮೆಣಸು, ಹುಣಸೆಹಣ್ಣು, ಈರುಳ್ಳಿ ಸೇರಿಸಿ ಒರಳಿನಲ್ಲಿ ತಿರುವಿದರೆ ಮುಗಿಯಿತು. ಕೊನೆಯ ಬಸ್ಸನ್ನು ಕಳಿಸಿ ಬಂದ ಮಾವ ಕೊಡೆ ಒದರಿ, ಕಾಲು ತೊಳೆಯುವಷ್ಟರಲ್ಲಿ ಬಿಸಿ ಕಡುಬಿನ ಪಕ್ಕದಲ್ಲಿ ಚಟ್ನಿ ಇರುತ್ತಿತ್ತು.

"ಅವಳು ಒಂದು ದಿನವೂ ಲೇಟ್ ಮಾಡಿದವಳಲ್ಲ" ಎಂದರು.

ಆ ಹತ್ತು ನಿಮಿಷದ ಹಿಂದೆ ಕಡಲ ದಂಡೆಯಲ್ಲಿ ಯಾರೋ ಹೆಂಗಸು ದಿನಗಟ್ಟಲೆ ಸಿಗಡಿ ಹರವಿ, ಕಾಗೆ ಓಡಿಸುತ್ತಾ ಬಿಸಿಲಿನಲ್ಲಿ ಕುಳಿತಿದ್ದಳೆಂದು ಹೇಳಬೇಕೆನಿಸಿತು. ಹೇಳಲಿಲ್ಲ. ಆ ಚಟ್ನಿಯ ರುಚಿ ನನಗೂ ಗೊತ್ತು. ಅತ್ತೆ ಹೋದ ಮೇಲೆ ಮಿಕ್ಸಿಯಲ್ಲಿ ಮಾಡಿ ನೋಡಿದ್ದೇನೆ, ನುಣ್ಣಗಾಗುತ್ತದೆ, ಅದಾಗುವುದಿಲ್ಲ.

ಕರೆಂಟು ಬಂತು. ಮಾವನ ದೃಷ್ಟಿ ಕೈಗಡಿಯಾರಕ್ಕೆ ಹೋಯಿತು. "ಎಂಟೂ ಹತ್ತು!"

ಎಲ್ಲ ಬಿಡಿಸಿ ಮುಗಿಸುವಷ್ಟರಲ್ಲಿ ಒಂದು ಕಿಲೋ ಹೆಚ್ಚುಕಡಿಮೆ ಅರ್ಧ ಕಿಲೋಗೆ ಇಳಿದಿತ್ತು. ಉಳಿದರ್ಧ ತಲೆ ಮತ್ತು ಸಿಪ್ಪೆ. ಬಾಣಲೆಗೆ ಬೆಣ್ಣೆ, ಬೆಳ್ಳುಳ್ಳಿ, ವಿಡಿಯೋದವಳಿಗೆ ಗೊತ್ತಿಲ್ಲದ ನಾಲ್ಕು ಜೀರಿಗೆ ಮೆಣಸು ಹಾಕಿ ಸಿಗಡಿ ಸುರಿದೆ. ಬೂದು ಬಣ್ಣ ಕಣ್ಣೆದುರೇ ಕೆಂಪಾಗತೊಡಗಿತು. ಆ ಕೆಂಪು ಮೊದಲೇ ಒಳಗಿರುತ್ತದಂತೆ. ಪ್ರೋಟೀನಿಗೆ ಅಂಟಿಕೊಂಡು ಅಡಗಿರುವ ಬಣ್ಣ ಬಿಸಿ ತಾಗಿದ ಕೂಡಲೇ ಬಿಡಿಸಿಕೊಂಡು ಹೊರಗೆ ಕಾಣುತ್ತದಂತೆ. ಇದೂ ಮಗಳದ್ದೇ. ಸಿಗಡಿಗೆ ಬೇಕಾದದ್ದು ಎರಡು ಮೂರು ನಿಮಿಷ. ಅರ್ಧಚಂದ್ರದ ಆಕಾರಕ್ಕೆ ಬಾಗಿದಾಗ ಇಳಿಸಿಬಿಡಬೇಕು. ಮುದುಡಿ ಸೊನ್ನೆಯಾದರೆ ರಬ್ಬರು. ಅರ್ಧಚಂದ್ರವಾಯಿತು. ಒಲೆ ಆರಿಸಲು ಕೈ ಚಾಚಿದೆ.

"ತಡಿ, ತಡಿ!"

ಇಡೀ ಸಂಜೆಯಲ್ಲಿ ಮೊದಲ ಸಲ ಮಾವ ಅಡುಗೆಮನೆಯೊಳಗೆ ಬಂದಿದ್ದರು. "ಇಷ್ಟು ಬೇಗ ಬೇಯುವುದುಂಟೇ? ಘಟ್ಟ ಹತ್ತಿ ಬಂದ ಮಾಲು, ಹೊಟ್ಟೆ ಕೆಟ್ಟರೆ? ಇನ್ನು ಎರಡು ನಿಮಿಷ ಇರಲಿ."

"ಬೇಡ ಮಾವ, ಗಟ್ಟಿಯಾಗುತ್ತದೆ."

"ಎರಡೇ ನಿಮಿಷ" ಎಂದು ಅವರೇ ಮುಚ್ಚಳ ಮುಚ್ಚಿ, ಅದರ ಗುಬುಟನ್ನು ಹಿಡಿದುಕೊಂಡು ನಿಂತರು. ನಮ್ಮ ಮದುವೆಯ ದಿಬ್ಬಣದ ಬಸ್ಸಿಗೆ ಎರಡು ನಿಮಿಷ ಕೊಡದೆ, ಪಂಚೆ ಎತ್ತಿಕೊಂಡು ಓಡಿ ಬರುತ್ತಿದ್ದ ನನ್ನ ಚಿಕ್ಕಪ್ಪನನ್ನು ರಸ್ತೆಯಲ್ಲೇ ಬಿಟ್ಟು ಬಸ್ಸಿನ ಬೆನ್ನಿಗೆ ಬಡಿದ ಮನುಷ್ಯ ಇವರೇ. ಇನ್ನೊಂದು ಕೈಯ ಗಡಿಯಾರ ನೋಡುತ್ತಾ "ಒಂದು ನಿಮಿಷ ಆಯಿತು" ಎನ್ನುವಷ್ಟರಲ್ಲಿ ಅವರ ಮೊಬೈಲ್ ಬಡಿದುಕೊಂಡಿತು. ಹಳೆಯ ಕಂಡಕ್ಟರ್ ಗೆಳೆಯ. ಮಾವ ಫೋನನ್ನು ಎಡಗೈಗೆ ತೆಗೆದುಕೊಂಡರು. ಬಲಗೈ ಮುಚ್ಚಳದ ಮೇಲೇ ಇತ್ತು. ಗೆಳೆಯನ ಮೊಣಕಾಲು ನೋವು, ಮೊಮ್ಮಗಳ ಸೀಟು, ಅಡಿಕೆಗೆ ಬಂದ ಕೊಳೆರೋಗ ಎಲ್ಲವೂ ಮುಗಿಯುವವರೆಗೆ ಆ ಕೈ ಕದಲಲಿಲ್ಲ. ನಾನು ಸನ್ನೆ ಮಾಡಿದೆ. ಅವರು ಕಣ್ಣಿನಲ್ಲೇ "ಇರು, ಎರಡು ನಿಮಿಷ" ಎಂದರು. ಕಡೆಗೆ ನಾನು ಅವರ ತೋಳಿನ ಕೆಳಗೆ ಬಗ್ಗಿ ಗ್ಯಾಸನ್ನೇ ಆರಿಸಿದೆ. ಮುಚ್ಚಳ ತೆಗೆದಾಗ ಬಾಣಲೆಯ ತುಂಬ ಸೊನ್ನೆಗಳು.

ಊಟಕ್ಕೆ ಪ್ರತ್ಯಕ್ಷರಾದ ನಮ್ಮ ಮನೆಯವರು ಮೊದಲನೆಯದನ್ನು ಬಹಳ ಹೊತ್ತು ಜಗಿದು, "ರುಚಿ ಚೆನ್ನಾಗಿದೆ" ಎಂದರು. ಮಗಳು ಒಂದನ್ನು ತಟ್ಟೆಗೆ ಬೀಳಿಸಿ ಅದು ಪುಟಿಯುತ್ತದೆಯೇ ಎಂದು ನೋಡಿದಳು. ಮಾವ ಮಾತ್ರ ನಿಧಾನವಾಗಿ, ಒಂದೊಂದನ್ನೂ ಬಲದವಡೆಯಿಂದ ಎಡದವಡೆಗೆ ದಾಟಿಸುತ್ತಾ ತಿಂದು ತೀರ್ಪು ಕೊಟ್ಟರು: "ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು. ಅಲ್ಲಿ ತಡವಾದರೆ ಮಾಲು ಹೀಗೇ ಗಟ್ಟಿಯಾಗುತ್ತದೆ."

ಮೀನು ಬಂದದ್ದು ಹುಲಿಕಲ್ ಘಾಟಿಯ ಮೇಲೋ ಆಗುಂಬೆಯ ಮೇಲೋ ಯಾರಿಗೆ ಗೊತ್ತು. ನಾನು ನೀರು ಕುಡಿದೆ.

ತಲೆ, ಸಿಪ್ಪೆ ತುಂಬಿದ ಚೀಲವನ್ನು ಬೆಕ್ಕಿಗೆ ಎಟುಕದಂತೆ ಕಿಟಕಿಯ ಸರಳಿಗೆ ಕಟ್ಟಿ ಮಲಗಿದೆವು. ಬೆಳಗಾಗುವಷ್ಟರಲ್ಲಿ ಅದರ ವಾಸನೆ ಪಕ್ಕದ ಮನೆಯವರ ದೇವರ ಕೋಣೆಯವರೆಗೆ ಹೋಗಿತ್ತೆಂದು ಅವರ ಕೆಮ್ಮಿನಿಂದ ತಿಳಿಯಿತು. ಏಳೂ ಕಾಲಕ್ಕೆ ಬರಬೇಕಾದ ಕಸದ ಗಾಡಿಗೆ ಮಾವ ಏಳಕ್ಕೇ ಚೀಲ ಹಿಡಿದು ಗೇಟಿನಲ್ಲಿ ನಿಂತರು. ಅದು ಹಾಡು ಹಾಕಿಕೊಂಡು ಬಂದದ್ದು ಎಂಟಕ್ಕೆ.

"ನಿನ್ನ ಟೈಮ್ ಎಷ್ಟು?" ಎಂದರು ಮಾವ.

"ಹಾಕಿ ಅಜ್ಜ, ಹೊತ್ತಾಯಿತು" ಎಂದ ಹುಡುಗ.

"ಹೊತ್ತಾಗಿದೆ ಎಂದೇ ಕೇಳುತ್ತಿರುವುದು. ನಲವತ್ತೈದು ನಿಮಿಷ. ಹಿಂದಿನ ಬೀದಿಯವರು ಏನು ಮಾಡಬೇಕು?" ಚೀಲವನ್ನು ಎದೆಗವುಚಿಕೊಂಡೇ ಮಾವ ಗಾಡಿಗಳ ನಡುವೆ ಇರಬೇಕಾದ ಅಂತರವನ್ನು ಮೊದಲಿನಿಂದ ವಿವರಿಸತೊಡಗಿದರು. ಹುಡುಗ ಸ್ವಲ್ಪ ಹೊತ್ತು ಕೇಳಿದ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಅವನು ಗೇರ್ ಹಾಕಿ ಹೊರಟುಬಿಟ್ಟ.

ಚೀಲ ಮಾವನ ಕೈಯಲ್ಲೇ ಇತ್ತು. ಮುಂದಿನ ಗಾಡಿ ಮಂಗಳವಾರ.